ಮನೆಗೆಂದು ತಂದ ವೆಲ್ಡಿಂಗ್ ಮಷೀನು

"ಗುರುಗಳೇ, ಊರೆಲ್ಲ ಒಳ್ಳೆಯವನು ಎನ್ನುವ ಮನುಷ್ಯನನ್ನು ಅವನ ಮನೆಯವರು ಮಾತ್ರ ಹಾಗೆನ್ನುವುದಿಲ್ಲ. ತಪ್ಪು ಯಾರದು?"

ಹೀಗೆ ಕೇಳಿದವನು ಗುರುಶಾಂತ. ಮಠದ ದಾಸೋಹದ ಉಸ್ತುವಾರಿ ಅವನದು. ಸುತ್ತಲಿನ ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ, ಸಾವಾದರೂ ಮೊದಲು ಹೋಗಿ ನಿಲ್ಲುವವನು, ಕೊನೆಗೆ ಎದ್ದು ಬರುವವನು. ಅವನ ಹೆಂಡತಿ ಮಕ್ಕಳು ಪಕ್ಕದ ಊರಿನಲ್ಲಿದ್ದರು. ಪ್ರಶ್ನೆ ಕೇಳುವಾಗ ಅವನ ದನಿಯಲ್ಲಿ ಸ್ವಲ್ಪ ನೋವಿತ್ತು, ಸ್ವಲ್ಪ ಹೆಮ್ಮೆಯೂ ಇತ್ತು.

ಗುರುಗಳು ಅವನನ್ನು ಎದುರಿಗೆ ಕೂರಲು ಹೇಳಿದರು. "ಒಬ್ಬ ಮೇಷ್ಟ್ರು, ಅವನ ಹೆಂಡತಿ, ಈ ಇಬ್ಬರ ಕತೆ ಹೇಳುತ್ತೇನೆ. ಮುಗಿಯುವ ತನಕ ತೀರ್ಪು ಕೊಡಬೇಡ," ಎಂದು ಶುರು ಮಾಡಿದರು.

ಹೊಳೆಯಾಚೆಯ ಪೇಟೆಯಲ್ಲಿ ಕೊಟ್ರಬಸಪ್ಪ ಎಂಬ ಮೇಷ್ಟ್ರಿದ್ದ. ಹೆಂಡತಿ ಹಾಲಮ್ಮ. ಮಕ್ಕಳಿರಲಿಲ್ಲ. ಅವನು ಶಾಲೆಯಲ್ಲಿ ಕಲಿಸುತ್ತಿದ್ದದ್ದು ಕೈಕೆಲಸ. ಮರ ಕೊಯ್ಯುವುದು, ತಗಡು ಬಗ್ಗಿಸುವುದು, ಬೆತ್ತ ಹೆಣೆಯುವುದು. ಅದಕ್ಕೆ ಪರೀಕ್ಷೆ ಇರಲಿಲ್ಲ. ಪರೀಕ್ಷೆ ಇಲ್ಲದ ವಿಷಯಕ್ಕೆ ಮರ್ಯಾದೆ ಎಲ್ಲಿಯದು? ಗಣಿತದವರಿಗೆ ಪಾಠ ಮುಗಿಯದಿದ್ದರೆ ಅವನ ಪೀರಿಯಡ್ಡು ಕಿತ್ತುಕೊಳ್ಳುತ್ತಿದ್ದರು. ವಾರ್ಷಿಕೋತ್ಸವ ಬಂದರೆ ಕುರ್ಚಿ ಜೋಡಿಸಲು ಅವನನ್ನು ಕರೆಯುತ್ತಿದ್ದರು. ನಿವೃತ್ತಿಯ ದಿನ ಹಾರ ಹಾಕಿ ಭಾಷಣ ಮಾಡಿದ ಹೆಡ್ಮಾಸ್ತರು ಅವನ ಹೆಸರನ್ನೇ ತಪ್ಪಾಗಿ ಹೇಳಿದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಾಲಮ್ಮ ತಲೆ ತಗ್ಗಿಸಿದಳು.

ನಿವೃತ್ತನಾದ ಮೇಲೆ ಕೊಟ್ರಬಸಪ್ಪ ಬೆಳಿಗ್ಗೆಯಿಂದ ಜಗಲಿಯ ಮೇಲೆ ಪೇಪರು ಹಿಡಿದು ಕೂರುತ್ತಿದ್ದ. ಹೋಗುವವರಿಗೆಲ್ಲ ತಾನೇ ನಮಸ್ಕಾರ ಹೇಳುತ್ತಿದ್ದ. ಕೆಲವರು ತಿರುಗಿ ಹೇಳುತ್ತಿದ್ದರು, ಕೆಲವರು ಮೊಬೈಲು ನೋಡುತ್ತ ಹೋಗಿಬಿಡುತ್ತಿದ್ದರು. ಒಳಗಿನಿಂದ ಹಾಲಮ್ಮ ಇದನ್ನೆಲ್ಲ ನೋಡುತ್ತಿದ್ದಳು. ಗಂಡ ಹೀಗೆ ಕೂತು ಕೂತು ಸಣ್ಣಗಾಗುತ್ತಿದ್ದಾನೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಮನೆಯಲ್ಲಿ ರಿಪೇರಿ ಕೆಲಸಗಳಿದ್ದವು. ಮುಂದಿನ ಗೇಟಿನ ತಿರುಗುಣಿ ಮುರಿದು ಗೇಟು ನೆಲಕ್ಕೆ ಉಜ್ಜುತ್ತಿತ್ತು. ಅಡುಗೆಮನೆಯ ಕಿಟಕಿಯ ಗ್ರಿಲ್ಲು ಒಂದು ಮೂಲೆಯಲ್ಲಿ ಬಿಟ್ಟುಕೊಂಡಿತ್ತು. ಹಿತ್ತಿಲಿನಿಂದ ತಾರಸಿಗೆ ಹೋಗುವ ಕಬ್ಬಿಣದ ಏಣಿಮೆಟ್ಟಿಲಿನಲ್ಲಿ, ಮೇಲ್ಗಡೆಯ ಒಂದು ಮೆಟ್ಟಿಲು ಒಂದು ಬದಿಗೆ ಬಿರುಕು ಬಿಟ್ಟಿತ್ತು. ಹಾಲಮ್ಮ ಮೆಣಸಿನಕಾಯಿ, ಗೋಧಿ, ಸಂಡಿಗೆ ಎಲ್ಲ ಒಣಗಿಸುವುದು ತಾರಸಿಯ ಮೇಲೆ. ಆ ಮೆಟ್ಟಿಲು ಬಂದಾಗ ಅವಳು ಸೀರೆ ಎತ್ತಿ ಹಿಡಿದು, ಅದನ್ನು ದಾಟಿ ಮುಂದಿನದಕ್ಕೆ ಕಾಲಿಡುತ್ತಿದ್ದಳು.

ಒಂದು ದಿನ ಊಟ ಬಡಿಸುವಾಗ ಹೇಳಿದಳು. "ರೀ, ಪ್ರತಿ ಸಲ ವೆಲ್ಡಿಂಗಿನವರನ್ನ ಕರೆದು ಕಾಯೋದಕ್ಕಿಂತ ಒಂದು ಸಣ್ಣ ಮಷೀನು ತಗೊಂಡುಬಿಡಿ. ನಮ್ಮ ಮನೆ ಕೆಲಸ ನಾವೇ ಮಾಡ್ಕೊಬಹುದು. ಊರಿನ ಮಕ್ಕಳಿಗೆಲ್ಲ ಕೈಕೆಲಸ ಕಲಿಸಿದವರು ನೀವು."

ಕೊಟ್ರಬಸಪ್ಪ ತುತ್ತು ಕೈಯಲ್ಲಿ ಹಿಡಿದು ಅವಳ ಮುಖ ನೋಡಿದ. ಬಹಳ ದಿನಗಳ ಮೇಲೆ ಅವನು ಎರಡನೇ ಸಲ ಅನ್ನ ಹಾಕಿಸಿಕೊಂಡ.

ಆಮೇಲೆ ಮನೆಯಲ್ಲಿ ಅದೇ ಮಾತು. ಅವನು ಮೊಬೈಲಿನಲ್ಲಿ ವಿಡಿಯೋ ನೋಡಿದ. ಗ್ಯಾರೇಜುಗಳ ಮುಂದೆ ನಿಂತು ಬಂದ. ಯಾವ ಮಷೀನು ಎಷ್ಟು ಕರೆಂಟು ಎಳೆಯುತ್ತದೆ, ಯಾವುದು ಎಷ್ಟು ಹೊತ್ತು ತಡೆಯುತ್ತದೆ ಎಂದು ಹಾಲಮ್ಮನಿಗೆ ವಿವರಿಸಿದ. ಅವಳಿಗೆ ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ಗಂಡ ಮಾತಾಡುತ್ತಿದ್ದಾನಲ್ಲ ಎಂದು ಕೇಳುತ್ತಿದ್ದಳು. ಕೊನೆಗೆ ಇಬ್ಬರೂ ಬಸ್ಸು ಹತ್ತಿ ದೊಡ್ಡ ಊರಿನ ಅಂಗಡಿಗೆ ಹೋದರು.

"ಮನೆಗೋ, ವರ್ಕ್‌ಶಾಪಿಗೋ?" ಎಂದು ಅಂಗಡಿಯವನು ಕೇಳಿದ.

"ಮನೆಗೆ," ಎಂದಳು ಹಾಲಮ್ಮ.

ಅಂಗಡಿಯವನು ಮೊದಲು ಒಂದು ದೊಡ್ಡ ಮಷೀನು ತೋರಿಸಿದ. ಅದು ಹಳೆಯ ಕಾಲದ್ದು, ಒಳಗೆಲ್ಲ ತಾಮ್ರದ ಸುರುಳಿ. ಬಾಳಿಕೆ ಬರುತ್ತದೆ, ಆದರೆ ಎತ್ತಲು ಇಬ್ಬರು ಬೇಕು. ಮನೆಯ ವೈರು ಅದನ್ನು ತಡೆಯುವುದಿಲ್ಲ, ಹಚ್ಚಿದ ಕೂಡಲೇ ಫ್ಯೂಸು ಹೋಗುತ್ತದೆ ಎಂದ. ಇನ್ನೊಂದು ತೀರಾ ಸಣ್ಣದು. ಅದರ ಮೇಲೆ ಎಷ್ಟು ಶಕ್ತಿ ಎಂದು ದೊಡ್ಡ ನಂಬರು ಬರೆದಿತ್ತು. ಆ ನಂಬರನ್ನು ನಂಬಬೇಡಿ, ತೆಳು ತಗಡಿಗೆ ಮಾತ್ರ ಸರಿ, ನಾಲ್ಕು ಬೆಸುಗೆ ರಾಡು ಸುಡುವಷ್ಟರಲ್ಲಿ ಬಿಸಿಯಾಗಿ ನಿಂತುಬಿಡುತ್ತದೆ ಎಂದು ಅವನೇ ಅದನ್ನು ಬದಿಗಿಟ್ಟ. ಉಳಿದದ್ದು ಹೊಸ ನಮೂನೆಯ ಇನ್ವರ್ಟರ್ ಮಷೀನುಗಳು. ಗೀಸರಿನ ಪ್ಲಗ್ಗಿಗೆ ಹಾಕಿದರೆ ನಡೆಯುತ್ತವೆ. ಕರೆಂಟು ಸ್ವಲ್ಪ ಇಳಿದರೂ ಕೆಲಸ ನಿಲ್ಲುವುದಿಲ್ಲ.

"ಮೆಟ್ಟಿಲು ಆಗುತ್ತಾ?" ಎಂದು ಹಾಲಮ್ಮ ಕೇಳಿದಳು. "ನಮ್ಮ ಹಿತ್ತಿಲ ಮೆಟ್ಟಿಲಿನದೇ ನನಗೆ ಚಿಂತೆ."

"ಆಗುತ್ತಮ್ಮ. ಪೇಂಟು, ತುಕ್ಕು ಎಲ್ಲ ಉಜ್ಜಿ ತೆಗೆದು, ಎರಡೂವರೆ ಎಂಎಂ ರಾಡಿನಲ್ಲಿ ನಿಧಾನಕ್ಕೆ ಹೊಡೆದರೆ ಅಲ್ಲಾಡೋದಿಲ್ಲ. ರಾಡು ಮಾತ್ರ ಥಂಡಿ ಹಿಡಿಯಬಾರದು."

ಇನ್ವರ್ಟರ್ ಮಷೀನುಗಳಲ್ಲಿ ಎರಡು ಉಳಿದವು. ಒಂದು ಸ್ವಲ್ಪ ಭಾರದ್ದು, ದಪ್ಪ ರಾಡೂ ನಡೆಯುವಂಥದ್ದು. ಇನ್ನೊಂದು ಹಗುರದ್ದು, ಹೆಗಲಿಗೆ ಹಾಕಿಕೊಳ್ಳಲು ಪಟ್ಟಿ ಇತ್ತು. ಕೊಟ್ರಬಸಪ್ಪ ಒಂದು ಸಲ ಅದನ್ನು ಮುಟ್ಟಿದ, ಒಂದು ಸಲ ಇದನ್ನು ಮುಟ್ಟಿದ. ಹಾಲಮ್ಮನೇ ತೀರ್ಮಾನ ಮಾಡಿದಳು. "ಹಗುರದ್ದೇ ಇರಲಿ. ಈ ವಯಸ್ಸಿನಲ್ಲಿ ಭಾರ ಎತ್ತಿ ಸೊಂಟ ಹಿಡಿದರೆ ಏನು ಗತಿ?"

ಅವನು ಪಟ್ಟಿಯನ್ನು ಹೆಗಲಿಗೇರಿಸಿ ಅಂಗಡಿಯ ಬಾಗಿಲವರೆಗೆ ನಡೆದು ತಿರುಗಿ ಬಂದ. ಅವನ ನಡಿಗೆಯೇ ಬೇರೆಯಾಗಿತ್ತು. ಹಾಲಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಮುಖಕ್ಕೆ ಹಾಕುವ ಗಾಜಿನ ಮುಸುಕು, ಚರ್ಮದ ಕೈಗವಸು, ಒಂದು ಸಣ್ಣ ಗ್ರೈಂಡರು ಕೂಡ ತೆಗೆದುಕೊಂಡರು. ಬಸ್ಸಿನಲ್ಲಿ ಮಷೀನನ್ನು ಅವಳು ಮಡಿಲಲ್ಲಿಟ್ಟುಕೊಂಡು ಬಂದಳು.

ಮೊದಲು ಕೆಲವು ದಿನ ಹಿತ್ತಿಲಿನಲ್ಲಿ ಹಳೆಯ ಕಬ್ಬಿಣದ ತುಂಡುಗಳ ಮೇಲೆ ಕೈ ಪಳಗಿಸಿದ. ರಾಡು ಅಂಟಿಕೊಳ್ಳುತ್ತಿತ್ತು, ತಗಡು ತೂತು ಬೀಳುತ್ತಿತ್ತು. ಹಾಲಮ್ಮ ದೂರದಲ್ಲಿ ಮುಖ ತಿರುಗಿಸಿ ನಿಂತು, ಕಿಡಿ ನಿಂತ ಮೇಲೆ ಬಂದು ಸಣ್ಣ ಸುತ್ತಿಗೆಯಿಂದ ಬೆಸುಗೆಯ ಮೇಲಿನ ಕಿಟ್ಟ ಉದುರಿಸುತ್ತಿದ್ದಳು. ಕಿಟ್ಟ ಉದುರಿದ ಮೇಲೆ ಕೆಳಗೆ ಬೆಸುಗೆ ಸಾಲಾಗಿ ಕಂಡರೆ ಇಬ್ಬರಿಗೂ ಸಂತೋಷ. ಅವರ ಸಂಸಾರದಲ್ಲಿ ಅಂಥ ದಿನಗಳು ಹೆಚ್ಚಿರಲಿಲ್ಲ.

ಕೈ ಪಳಗಿದ ಮೇಲೆ ಅವನು ಮೊದಲು ಹಿಡಿದದ್ದು ಗೇಟನ್ನು. ಗೇಟು ಬೀದಿಗೆ ಇತ್ತು. ಕಿಡಿ ಹಾರಿದ್ದು ನೋಡಿ ಹೋಗುವವರು ನಿಂತರು. "ಏನು ಮೇಷ್ಟ್ರೇ, ನೀವೇ ಮಾಡ್ತಿದ್ದೀರಾ!" ಎಂದರು. ಅವನು ಮುಸುಕು ಎತ್ತಿ ನಕ್ಕ. ಸಂಜೆಯ ಹೊತ್ತಿಗೆ ಎದುರು ಮನೆಯವರು ಬಂದರು. ಅವರ ಮನೆಯಲ್ಲಿ ಮದುವೆ, ಅವರ ಗೇಟೂ ಹಾಗೆಯೇ ಆಗಿತ್ತು. ಕೊಟ್ರಬಸಪ್ಪ ಮಷೀನನ್ನು ಹೆಗಲಿಗೆ ಹಾಕಿಕೊಂಡು ಹೋದ. ಕೂಲಿ ಬೇಡ ಎಂದ. ಅವರು ಕುರ್ಚಿ ಹಾಕಿ ಕೂರಿಸಿ ಹೋಳಿಗೆ ತಿನ್ನಿಸಿ ಕಳಿಸಿದರು.

ಅಲ್ಲಿಂದ ನಿಲ್ಲಲಿಲ್ಲ. ಒಬ್ಬರ ದನದ ಕೊಟ್ಟಿಗೆಯ ಸರಳು, ಒಬ್ಬರ ತಳ್ಳುಗಾಡಿಯ ಅಚ್ಚು, ಅಂಗನವಾಡಿಯ ಜಾರುಬಂಡೆ, ಕ್ಷೌರದ ಅಂಗಡಿಯ ಕುರ್ಚಿ. ಎಲ್ಲದಕ್ಕೂ ಮೇಷ್ಟ್ರು. ಕೆಲವು ಬೆಸುಗೆ ಬಿಟ್ಟುಹೋಗುತ್ತಿದ್ದವು. ಮತ್ತೆ ಕರೆಯುತ್ತಿದ್ದರು, ಅವನು ಮತ್ತೆ ಖುಷಿಯಿಂದ ಹೋಗುತ್ತಿದ್ದ. ಈಗ ಬೀದಿಯಲ್ಲಿ ಅವನೇ ಮೊದಲು ನಮಸ್ಕಾರ ಹೇಳಬೇಕಾಗಿರಲಿಲ್ಲ.

ಹಿತ್ತಿಲಿನ ಮೆಟ್ಟಿಲನ್ನು ನೋಡುವವರು ಯಾರೂ ಇರಲಿಲ್ಲ.

"ರೀ, ಆ ಮೆಟ್ಟಿಲು," ಎಂದು ಹಾಲಮ್ಮ ನೆನಪಿಸುತ್ತಿದ್ದಳು.

"ನಾಳೆ ನೋಡೋಣ," ಎನ್ನುತ್ತಿದ್ದ. ಒಂದು ಸಲ ಬೇಸರಪಟ್ಟು ಹೇಳಿದ: "ಅದು ನಮ್ಮ ಮನೇದೇ ಅಲ್ವಾ, ಎಲ್ಲಿ ಓಡಿಹೋಗುತ್ತೆ? ಪಾಪ ಆ ಜನ ಬಂದು ಬಾಗಿಲಲ್ಲಿ ನಿಂತಿರ್ತಾರೆ."

ಹಾಲಮ್ಮ ಬಾಗಿಲಲ್ಲಿ ನಿಲ್ಲುವವಳಲ್ಲ. ಒಳಗಿರುವವಳು. ಅವಳು ಬಿರುಕಿಗೆ ತಂತಿ ಸುತ್ತಿದಳು. ತಂತಿ ಸಡಿಲವಾದಾಗ ಮತ್ತೆ ಸುತ್ತಿದಳು. ಆಮೇಲೆ ಕೇಳುವುದನ್ನು ಬಿಟ್ಟಳು.

ಸಂಡಿಗೆಯ ಕಾಲ ಬಂತು. ಮೆಟ್ಟಿಲಿನ ಇನ್ನೊಂದು ಬದಿಯೂ ಬಿರುಕು ಬಿಟ್ಟಿದ್ದನ್ನು ಹಾಲಮ್ಮ ನೋಡಿದಳು. ಆ ದಿನ ಕೊಟ್ರಬಸಪ್ಪ ಪಕ್ಕದ ಹಳ್ಳಿಗೆ ನೀರಿನ ಟ್ಯಾಂಕಿನ ಸ್ಟ್ಯಾಂಡು ಕೂಡಿಸಲು ಹೋಗಿದ್ದ. ಅವಳು ಬಸ್ ಸ್ಟ್ಯಾಂಡಿನ ಹತ್ತಿರ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ದಾದಾಪೀರನಿಗೆ ಹೇಳಿ ಕಳಿಸಿದಳು. ಅವನು ಬಂದು ಉಜ್ಜಿ, ಎರಡೂ ಬದಿಗೆ ಬೆಸೆದು, ಮೇಲೆ ನಿಂತು ಕುಣಿದು ತೋರಿಸಿದ. "ಇನ್ನು ಆನೆ ಹತ್ತಿದರೂ ಏನೂ ಆಗೋದಿಲ್ಲಮ್ಮ," ಎಂದು ಕೂಲಿ ತೆಗೆದುಕೊಂಡು ಹೋದ. ಹಾಲಮ್ಮನಿಗೆ ದೊಡ್ಡ ಭಾರ ಇಳಿದಂತಾಯಿತು.

ದಾದಾಪೀರನಿಗೆ ಕೆಟ್ಟ ಮನಸ್ಸಿರಲಿಲ್ಲ. ಚಹಾದ ಅಂಗಡಿಯಲ್ಲಿ ತಮಾಷೆಗೆ ಹೇಳಿದ, ಇವತ್ತು ಮೇಷ್ಟ್ರ ಮನೆಗೆ ವೆಲ್ಡಿಂಗಿಗೆ ಹೋಗಿದ್ದೆ ಎಂದು. ಕೇಳಿದವರು ನಕ್ಕರು. ಹಳ್ಳಿಯಿಂದ ವಾಪಸು ಬರುವಾಗ ಯಾರೋ ಒಬ್ಬ ಬಸ್ಸಿನಲ್ಲೇ ಕೊಟ್ರಬಸಪ್ಪನನ್ನು ಕೇಳಿಬಿಟ್ಟ: "ಏನು ಮೇಷ್ಟ್ರೇ, ನಿಮ್ಮ ಕೆಲಸ ನಿಮ್ಮ ಮನೆಯವರಿಗೇ ಒಪ್ಪಿಗೆ ಇಲ್ವಂತೆ?"

ಅವನು ಮನೆಗೆ ಬಂದವನೇ ಹಿತ್ತಿಲಿಗೆ ಹೋಗಿ ಮೆಟ್ಟಿಲನ್ನು ನೋಡಿದ. ತಿರುಗಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಊರಿನ ಮುಂದೆ ನನ್ನ ಮಾನ ತೆಗೆದೆ," ಎಂದ.

"ಮೆಟ್ಟಿಲು ಮುರಿದಿತ್ತು."

"ನಾನು ಮಾಡ್ತೀನಿ ಅಂದಿದ್ದೆ."

"ಅಂದಿದ್ದಿರಿ," ಎಂದಳು ಹಾಲಮ್ಮ.

ಅವನು ಊಟ ಮಾಡಲಿಲ್ಲ. ಅವಳೂ ಮಾಡಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಹಾಲಮ್ಮ ತಾರಸಿಯ ಮೇಲೆ ಮೆಣಸಿನಕಾಯಿ ಹರವಿ ಬಂದಳು. ಹೊಸದಾಗಿ ಬೆಸೆದ ಮೆಟ್ಟಿಲಿನ ಮೇಲೆ ಧೈರ್ಯವಾಗಿ ಕಾಲಿಟ್ಟು ಹತ್ತಿದಳು, ಇಳಿದಳು. ಆಮೇಲೆ ಗೋಧಿ ಬೀಸಿಸಲು ಗಿರಣಿಗೆ ಹೋದಳು. ಅವಳು ಹೋದದ್ದನ್ನು ನೋಡಿ ಕೊಟ್ರಬಸಪ್ಪ ಗ್ರೈಂಡರು ತೆಗೆದ. ದಾದಾಪೀರನ ಬೆಸುಗೆಯನ್ನು ಎರಡೂ ಬದಿಯಿಂದ ಕತ್ತರಿಸಿ ಹಾಕಿದ. ಅದನ್ನು ತಾನೇ ಮತ್ತೆ ಬೆಸೆಯಬೇಕು, ಬೆಸೆದು ನಾಲ್ಕು ಜನರನ್ನು ಕರೆದು ತೋರಿಸಬೇಕು ಎಂದು ಅವನ ಮನಸ್ಸಿನಲ್ಲಿತ್ತು. ಅಳತೆ ನೋಡಲು ಮೆಟ್ಟಿಲಿನ ಹಲಗೆಯನ್ನು ಕೆಳಗೆ ಆಧಾರಕ್ಕಿದ್ದ ಸಣ್ಣ ಕಬ್ಬಿಣದ ತುಂಡುಗಳ ಮೇಲೆ ಸುಮ್ಮನೆ ಇಟ್ಟ. ನೋಡುವವರಿಗೆ ಅದು ಇದ್ದ ಹಾಗೆಯೇ ಕಾಣುತ್ತಿತ್ತು.

ಅಷ್ಟರಲ್ಲಿ ಮುಂಬಾಗಿಲಲ್ಲಿ ಕರೆದರು. ಶಾಲೆಯ ಹೆಡ್ಮಾಸ್ತರೇ ಬಂದಿದ್ದರು, ಅವನ ಹೆಸರು ತಪ್ಪಾಗಿ ಹೇಳಿದವರು. ಶಾಲೆಯಲ್ಲಿ ಕಾರ್ಯಕ್ರಮ, ವೇದಿಕೆಯ ಕಮಾನು ಮುರಿದಿದೆ, ಜನ ಬರುವ ಹೊತ್ತಾಯಿತು. "ಕೊಟ್ರಬಸಪ್ಪನವರೇ, ನೀವೇ ಕಾಪಾಡಬೇಕು," ಎಂದರು. ಈ ಸಲ ಹೆಸರನ್ನು ಸರಿಯಾಗಿ ಹೇಳಿದರು.

ಮೆಟ್ಟಿಲಿನ ಹಲಗೆಯನ್ನು ತೆಗೆದು ಕೆಳಗಿಟ್ಟು ಹೋಗಬಹುದಿತ್ತು. ಅದು ಅವನಿಗೆ ಹೊಳೆಯಲಿಲ್ಲ ಎಂದಲ್ಲ. ಹೊಳೆಯಿತು. ಸಂಜೆಯ ತನಕ ಹಾಲಮ್ಮ ಮೇಲೆ ಹೋಗುವುದಿಲ್ಲ, ಅಷ್ಟರಲ್ಲಿ ಬಂದುಬಿಡುತ್ತೇನೆ ಎಂದುಕೊಂಡ. ಮಷೀನನ್ನು ಹೆಗಲಿಗೇರಿಸಿ, ಹೆಡ್ಮಾಸ್ತರ ಕಾರಿನಲ್ಲಿ ಕುಳಿತು ಹೋದ.

ಹಾಲಮ್ಮ ಗಿರಣಿಯಿಂದ ಬರುವಾಗ ಮೋಡ ಕವಿದಿತ್ತು. ಹಿಟ್ಟಿನ ಡಬ್ಬ ಕೆಳಗಿಟ್ಟು, ಖಾಲಿ ಬುಟ್ಟಿ ಹಿಡಿದು ಮೆಣಸಿನಕಾಯಿ ತೆಗೆಯಲು ಓಡಿದಳು. ಮೆಟ್ಟಿಲು ಮುರಿದಿದ್ದ ಕಾಲದಲ್ಲಾದರೆ ಅವಳು ನೋಡಿ, ದಾಟಿ ಕಾಲಿಡುತ್ತಿದ್ದಳು. ಈಗ ಅದು ರಿಪೇರಿಯಾಗಿದೆ ಎಂದು ಅವಳಿಗೆ ಗೊತ್ತಿತ್ತು. ಪೂರ್ತಿ ಭಾರ ಬಿಟ್ಟಳು. ಹಲಗೆ ಮಗುಚಿತು. ಅವಳು ಹಿತ್ತಿಲಿನ ಒಗೆಯುವ ಕಲ್ಲಿನ ಪಕ್ಕ ಬಿದ್ದಳು.

ಮಳೆ ಬರಲೇ ಇಲ್ಲ. ಪಕ್ಕದ ಮನೆಯ ತಿಪ್ಪಕ್ಕ ಕೂಗು ಕೇಳಿ ಬರುವ ಹೊತ್ತಿಗೆ ಬಿಸಿಲು ಬಂದಿತ್ತು.

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಕಂಬಿ ಹಾಕಿ ಕೂಡಿಸಿದರು. ಕೊಟ್ರಬಸಪ್ಪ ಅವಳ ಮಂಚದ ಪಕ್ಕ ಕುಳಿತು ಮಗುವಿನ ಹಾಗೆ ಅತ್ತ. "ತಪ್ಪಾಯ್ತು ಕಣೇ, ನಾನೇ ಕತ್ತರಿಸಿದ್ದೆ," ಎಂದು ಅವಳ ಕೈ ಹಿಡಿದು ಹೇಳಿದ. ಹಾಲಮ್ಮನಿಗೆ ಸಿಟ್ಟು ಬರಲಿಲ್ಲ. ತಿಳಿದು ಮಾಡಿದ್ದಲ್ಲ, ಒಪ್ಪಿಕೊಂಡನಲ್ಲ ಎಂದು ಸಮಾಧಾನ ಮಾಡಿಕೊಂಡಳು. ಅವನ ಕಣ್ಣೀರನ್ನು ತನ್ನ ಸೆರಗಿನಿಂದ ಒರೆಸಿದಳು.

ಅಷ್ಟಕ್ಕೇ ಮುಗಿದಿದ್ದರೆ ಇದು ಕತೆಯಾಗುತ್ತಿರಲಿಲ್ಲ.

ಅವಳನ್ನು ಮನೆಗೆ ತಂದು ನಡುಮನೆಯ ಮಂಚದ ಮೇಲೆ ಮಲಗಿಸಿದರು. ಊರಿನವರು ನೋಡಲು ಬಂದರು. ಹೇಗಾಯಿತು ಎಂದು ಕೇಳಿದರು. ಹಾಲಮ್ಮ ಗಂಡನ ಮುಖ ನೋಡಿದಳು. ಅವನೇ ಹೇಳಲಿ ಎಂದು ಕಾದಳು. ಅವನು ಹೇಳಿದ: "ಮೆಟ್ಟಿಲು ಕಿತ್ತುಬಂತು."

ಅದು ಸುಳ್ಳಾಗಿರಲಿಲ್ಲ. ಉಳಿದದ್ದನ್ನು ಊರೇ ಸೇರಿಸಿಕೊಂಡಿತು. ಹಿಂದಿನ ದಿನ ತಾನೇ ದಾದಾಪೀರ ಬೆಸೆದ ಮೆಟ್ಟಿಲು. ಮಾರನೆಯ ದಿನಕ್ಕೇ ಕಿತ್ತುಬಂದಿದೆ. ಮೇಷ್ಟ್ರ ಕೈಯಲ್ಲಿ ಮಾಡಿಸಿದ್ದರೆ ಹೀಗಾಗುತ್ತಿತ್ತೇ? ಈ ಹೆಂಗಸಿಗೆ ಅಷ್ಟು ಅವಸರವೇನಿತ್ತು? ಹೀಗೆ ಮಂಚದ ಸುತ್ತ ನಿಂತೇ ಮಾತಾಡಿದರು. ಕೊಟ್ರಬಸಪ್ಪ ನೆಲ ನೋಡುತ್ತ ನಿಂತಿದ್ದ. ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ.

ಜನ ಹೋದ ಮೇಲೆ ಹಾಲಮ್ಮ ಕೇಳಿದಳು. "ದಾದಾಪೀರನ ತಪ್ಪಿಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ?"

"ನಾನೇನು ಅವನ ಹೆಸರು ತೆಗೆದೆನಾ?" ಎಂದ ಕೊಟ್ರಬಸಪ್ಪ.

ಅವನು ಹಿತ್ತಿಲಿಗೆ ಹೋದ. ಹೋಗಿ ಬಹಳ ಹೊತ್ತು ಅಲ್ಲೇ ನಿಂತಿದ್ದ. ಹಾಲಮ್ಮ ಮಲಗಿದಲ್ಲಿಂದ ಅವನ ಬೆನ್ನು ಕಾಣುತ್ತಿತ್ತು. ಅಂಗಡಿಯಲ್ಲಿ ಪಟ್ಟಿ ಏರಿಸಿಕೊಂಡು ನಡೆದವನೂ ಇವನೇ, ಆಸ್ಪತ್ರೆಯಲ್ಲಿ ಅತ್ತವನೂ ಇವನೇ. ಇಬ್ಬರನ್ನೂ ಅವಳು ನಂಬಿದ್ದಳು. ಈಗ ನಿಂತಿರುವವನು ಯಾರು ಎಂದು ಅವಳಿಗೆ ತಿಳಿಯಲಿಲ್ಲ.

ಸ್ವಲ್ಪ ದಿನಕ್ಕೆ ದಾದಾಪೀರ ಬಂದ. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪಿತ್ತು. ಒಳಗೆ ಬರಲು ಹಿಂಜರಿದು ಹೊಸ್ತಿಲ ಹೊರಗೇ ನಿಂತ. ಕೊಟ್ರಬಸಪ್ಪ ಮನೆಯಲ್ಲಿರಲಿಲ್ಲ.

"ಅಮ್ಮಾ, ನನ್ನ ಬೆಸುಗೆ ಬಿಟ್ಟಿಲ್ಲ. ಹಿತ್ತಿಲ ಕಡೆಯಿಂದ ಹೋಗಿ ನೋಡಿ ಬಂದೆ. ಯಾರೋ ಕಟರ್ ಹಾಕಿದ್ದಾರೆ," ಎಂದ.

"ಗೊತ್ತಪ್ಪ," ಎಂದಳು ಹಾಲಮ್ಮ.

"ನನ್ನ ಅಂಗಡಿಗೆ ಈಗ ಯಾರೂ ಬರ್ತಿಲ್ಲಮ್ಮ. ಮೆಟ್ಟಿಲು ಕೀಳಿಸಿದವನು ಅಂತಾರೆ. ನೀವು ಒಂದು ಮಾತು ಹೇಳಿದರೆ ಸಾಕು."

"ಹೇಳ್ತೀನಿ," ಎಂದು ಅವಳು ಮಾತು ಕೊಟ್ಟಳು.

ಅಂದು ಸಂಜೆ ತಿಪ್ಪಕ್ಕ ಗಂಜಿ ತಂದಾಗ ಹಾಲಮ್ಮ ಹೇಳಿದಳು. ಗಂಡ ಬೆಸುಗೆ ಕತ್ತರಿಸಿದ್ದು, ಹಲಗೆಯನ್ನು ಸುಮ್ಮನೆ ಇಟ್ಟು ಹೋದದ್ದು, ಎಲ್ಲವನ್ನೂ ಹೇಳಿದಳು. ತಿಪ್ಪಕ್ಕ ಚಮಚ ಹಿಡಿದುಕೊಂಡೇ ಕೇಳಿದಳು. ಕೇಳಿ ಹಾಲಮ್ಮನ ಹಣೆ ಮುಟ್ಟಿ ನೋಡಿದಳು.

"ನೋವಿಗೆ ಕೊಟ್ಟ ಮಾತ್ರೆ ತಲೆಗೇರಿದೆ ಕಣಕ್ಕಾ. ಅಂಥ ದೇವರಂಥ ಮನುಷ್ಯನ ಬಗ್ಗೆ ಹಾಗೆಲ್ಲ ಅನ್ನಬಾರದು. ಯಾರಾದರೂ ಕೇಳಿಸಿಕೊಂಡಾರು."

ಹಾಲಮ್ಮ ಇನ್ನೊಬ್ಬರಿಗೆ ಹೇಳಿದಳು. ಅವರು ಹೋಗಿ ಕೊಟ್ರಬಸಪ್ಪನ ಹತ್ತಿರ ಕನಿಕರ ತೋರಿಸಿದರು. ಪಾಪ, ಹಾಸಿಗೆ ಹಿಡಿದವರ ಬಾಯಿಂದ ಏನೇನೋ ಬರುತ್ತದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ಅವನು ಹಚ್ಚಿಕೊಳ್ಳುವುದಿಲ್ಲ ಎಂದ. ಹೆಂಡತಿಯ ಮಾತನ್ನು ಸಹಿಸಿಕೊಂಡಿದ್ದಾನೆ ಎಂದು ಅವನ ಹೆಸರು ಮತ್ತೂ ದೊಡ್ಡದಾಯಿತು. ದಾದಾಪೀರನ ಜೊತೆ ಸೇರಿ ತಪ್ಪನ್ನು ಗಂಡನ ಮೇಲೆ ಹಾಕುತ್ತಿದ್ದಾಳೆ ಎಂದೂ ಒಬ್ಬಿಬ್ಬರು ಅಂದರು. ಮಳೆಗಾಲ ಶುರುವಾಗುವ ಮೊದಲು ದಾದಾಪೀರ ಅಂಗಡಿ ಖಾಲಿ ಮಾಡಿಕೊಂಡು, ಹೆಂಡತಿ ಮಕ್ಕಳ ಜೊತೆ ಬೇರೆ ಊರಿಗೆ ಹೋದ. ಹೋಗುವಾಗ ಹಾಲಮ್ಮನನ್ನು ನೋಡಲು ಬರಲಿಲ್ಲ. ಮಾತು ಕೊಟ್ಟು ಉಳಿಸಿಕೊಳ್ಳಲಿಲ್ಲ ಎಂದೇ ಅವನು ತಿಳಿದಿರಬೇಕು ಎಂದು ಅವಳು ಕೊರಗಿದಳು.

ಎದ್ದು ನಿಲ್ಲಲು ಆಧಾರ ಬೇಕು ಎಂದು ಆಸ್ಪತ್ರೆಯವರು ಹೇಳಿದ್ದರು. ಕೊಟ್ರಬಸಪ್ಪ ಪೈಪು ತಂದು, ಅಂಗಳದಲ್ಲಿ ಕುಳಿತು ಹಿಡಿದುಕೊಂಡು ನಡೆಯುವ ಚೌಕಟ್ಟೊಂದನ್ನು ಮಾಡಿದ. ಆ ಮನೆಯಲ್ಲಿ ಗೇಟಿನ ನಂತರ ಆ ಮಷೀನಿನಿಂದ ಆದ ಕೆಲಸ ಅದೊಂದೇ. ಚೆನ್ನಾಗಿಯೇ ಮಾಡಿದ್ದ. ಹಿಡಿಗೆ ರಬ್ಬರು ಸುತ್ತಿದ್ದ, ನೀಲಿ ಬಣ್ಣ ಹಚ್ಚಿದ್ದ. ಹಾಲಮ್ಮ ಅದನ್ನು ಹಿಡಿದು ಅಡುಗೆಮನೆಯ ತನಕ ನಡೆದಳು. ಒಲೆಯನ್ನು ಮುಟ್ಟಿ ನೋಡಿದಳು. ಬಿದ್ದ ಮೇಲೆ ಅವಳ ಮುಖದಲ್ಲಿ ನಗು ಕಂಡದ್ದು ಅಂದೇ. ತಾನು ಮಾತು ಬಿಟ್ಟಿದ್ದ ಗಂಡನ ಹತ್ತಿರ ಅಂದು ತಾನಾಗಿಯೇ ಮಾತಾಡಿದಳು.

ಬಣ್ಣದ ವಾಸನೆ ಹೋಗುವಷ್ಟರಲ್ಲಿ ಮೇಲಿನ ಬೀದಿಯವರೊಬ್ಬರು ಬಂದರು. ಅವರ ತಾಯಿಗೂ ಕಾಲಿನ ತೊಂದರೆ. ಚೌಕಟ್ಟನ್ನು ತಿರುವಿ ಮುರುವಿ ನೋಡಿದರು. ದೊಡ್ಡ ಊರಿನ ಅಂಗಡಿಯಲ್ಲೂ ಇಂಥದ್ದು ಸಿಗುವುದಿಲ್ಲ ಎಂದರು. ಇಂಥ ಕೈ ಇರುವುದು ಪುಣ್ಯ ಎಂದರು. ಕೊಟ್ರಬಸಪ್ಪ ಒಳಗೆ ಬಂದ.

"ಇದನ್ನ ಅವರಿಗೆ ಕೊಟ್ಟುಬಿಡ್ತೀನಿ ಕಣೇ. ಪಾಪ ಮುದುಕಿ, ಬಹಳ ಕಷ್ಟ ಇದೆಯಂತೆ. ನಿನಗೆ ನಾಳೆ ಇನ್ನೊಂದು ಮಾಡಿಕೊಡ್ತೀನಿ. ಮನೆಯಲ್ಲೇ ಇದ್ದೀನಲ್ಲ."

ಹಾಲಮ್ಮ ಮಂಚದ ಅಂಚಿನಲ್ಲಿ ಕುಳಿತಿದ್ದಳು. ಚೌಕಟ್ಟಿನ ಮೇಲಿದ್ದ ಕೈಯನ್ನು ತೆಗೆದಳು.

ಇನ್ನೊಂದಕ್ಕೆ ಪೈಪು ತರುವುದು ಒಂದು ದಿನ ಮರೆತುಹೋಯಿತು, ಒಂದು ದಿನ ಬಿಡುವಾಗಲಿಲ್ಲ. ಆ ವರ್ಷ ಶಾಲೆಯವರು ಕೊಟ್ರಬಸಪ್ಪನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಹೆಂಡತಿ ಹಾಸಿಗೆಯಲ್ಲಿದ್ದರೂ ಕರೆದವರಿಗೆ ಇಲ್ಲ ಎನ್ನದ ಮನುಷ್ಯ ಎಂದು ಹೆಡ್ಮಾಸ್ತರು ಹೊಗಳಿದರು. ಮೈಕಿನ ಮಾತು ನಡುಮನೆಯ ಮಂಚದ ತನಕ ಕೇಳುತ್ತಿತ್ತು.

ಕಾರ್ಯಕ್ರಮ ಮುಗಿಸಿ ಹೆಂಗಸರು ಕೆಲವರು ಹಾಲಮ್ಮನನ್ನು ನೋಡಲು ಬಂದರು. ಹೂವು, ಎಲೆ ಅಡಿಕೆ ಕೊಟ್ಟರು. "ಇಂಥ ಗಂಡನ್ನ ಪಡೆಯೋಕೆ ಪುಣ್ಯ ಮಾಡಿದ್ದೀಯಮ್ಮ," ಎಂದು ಒಬ್ಬ ಹಿರಿಯಳು ಅವಳ ಗದ್ದ ಹಿಡಿದು ಹೇಳಿದಳು.

ಹಾಲಮ್ಮ ಆ ಹೆಂಗಸಿನ ಮುಖವನ್ನು ನೋಡಿದಳು. ಹಿಂದೆ ನಿಂತಿದ್ದ ತಿಪ್ಪಕ್ಕನ ಮುಖವನ್ನೂ ನೋಡಿದಳು.

"ಹೌದು," ಎಂದಳು.

ಗುರುಗಳು ಕತೆ ನಿಲ್ಲಿಸಿದರು.

ಗುರುಶಾಂತ ಹೇಳಿದ: "ಮೇಷ್ಟ್ರ ತಪ್ಪು ತಿಳಿಯಿತು ಗುರುಗಳೇ. ಊರಿನ ತಪ್ಪೂ ತಿಳಿಯಿತು. ಆದರೆ ಆ ತಾಯಿ ಎಲ್ಲ ಗೊತ್ತಿದ್ದೂ ಕೊನೆಗೆ ಹೌದು ಎಂದದ್ದು ಸರಿಯೇ? ಅವಳು ಹಾಗೆ ಹೇಳಬಾರದಿತ್ತು."

ಗುರುಗಳು ಹೇಳಿದರು: "ನಿನ್ನೆ ನೀನಿಲ್ಲದಾಗ ನಿನ್ನ ಹೆಂಡತಿ ಬಂದಿದ್ದಳು, ಮನೆಯಲ್ಲಿ ಎಲ್ಲ ಕ್ಷೇಮವೇ ತಾಯಿ ಎಂದು ಕೇಳಿದೆ, ಹೌದು ಎಂದಳು."